ಎಂಟು ಗಂಟೆ ಇಪ್ಪತ್ತು ನಿಮಿಷ

ಬಸ್ಸು ಕಲ್ಮಲದಲ್ಲಿ ನಿಂತಾಗ ಕಿಟಕಿಯಿಂದ ಆಚೆ ನೋಡಬಾರದು ಎಂದು ಗೌತಮ ರಾಯಚೂರಿನ ಬಸ್‌ಸ್ಟ್ಯಾಂಡಿನಲ್ಲೇ ನಿಶ್ಚಯ ಮಾಡಿಕೊಂಡಿದ್ದ. ಬಸ್ಸು ನಿಂತಿತು, ನೋಡಿದ. ಚಹಾದಂಗಡಿ ಇದ್ದಲ್ಲೇ ಇತ್ತು. ಆವತ್ತು ಅವನು ಕೂತಿದ್ದ ಪ್ಲಾಸ್ಟಿಕ್ ಕುರ್ಚಿ, ಒಂದು ಕಾಲಿಗೆ ತಂತಿ ಸುತ್ತಿದ್ದು, ಅದೂ ಇತ್ತು; ಅದರಲ್ಲಿ ಯಾರೋ ಮುದುಕ ಕಾಲ ಮೇಲೆ ಕಾಲು ಹಾಕಿಕೊಂಡು ಬಶಿಯಲ್ಲಿ ಚಹಾ ಊದಿ ಊದಿ ಕುಡಿಯುತ್ತಿದ್ದ. ಕುರ್ಚಿಗೇನು, ಯಾರು ಬಂದರೂ ಕೂಡಿಸಿಕೊಳ್ಳುತ್ತದೆ. ಮನುಷ್ಯ ತಪ್ಪು ಮಾಡಿದ ಜಾಗಗಳೆಲ್ಲ ಎದ್ದು ನಿಂತು ಸಾಕ್ಷಿ ಹೇಳುವಂತಿದ್ದರೆ ಈ ರಸ್ತೆಯಲ್ಲಿ ಬಸ್ಸೇ ಓಡುತ್ತಿರಲಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಸಮಾಧಾನ ಆಗಲಿಲ್ಲ. ತೊಡೆಯ ಮೇಲಿದ್ದ ಚೀಲವನ್ನು ಇನ್ನಷ್ಟು ಒತ್ತಿ ಹಿಡಿದ. ಅದರೊಳಗೆ ಪೇಪರಿನಲ್ಲಿ ಸುತ್ತಿದ ಒಂದು ಮೆಕ್ಕೆಜೋಳದ ತೆನೆ ಇತ್ತು. ಅದನ್ನು ತೆನೆ ಅನ್ನುವುದಕ್ಕೂ ನಾಚಿಕೆ. ಬರೀ ದಿಂಡು, ಅಲ್ಲೊಂದು ಇಲ್ಲೊಂದು ಅಂತ ಒಟ್ಟು ಮೂರು ಕಾಳು, ಹಲ್ಲುದುರಿದ ಬಾಯಿಯ ಹಾಗೆ. ಅದನ್ನು ಯಾಕೆ ತಂದೆ ಎಂದು ಅವನಿಗೇ ಗೊತ್ತಿರಲಿಲ್ಲ. ಸಂಶೋಧನಾ ಕ್ಷೇತ್ರದ ಶೆಡ್ಡಿನಲ್ಲಿ ಅಂಥ ನಲವತ್ತು ತೆನೆ ಬಿದ್ದಿದ್ದವು. ನಿನ್ನೆ ಸಂಜೆ ಬೀಗ ಹಾಕುವಾಗ ಕೈ ತಾನಾಗೇ ಹೋಗಿ ಒಂದನ್ನು ಎತ್ತಿಕೊಂಡಿತ್ತು.

ಶುಕ್ರವಾರ ಅವ್ವ ಮಾನಮ್ಮ ಫೋನು ಮಾಡಿದ್ದಳು. ಅವಳಿಗೆ ಫೋನಿನಲ್ಲಿ ಮೆಲ್ಲಗೆ ಮಾತಾಡಲು ಬರುವುದಿಲ್ಲ, ಗಬ್ಬೂರಿನಿಂದ ರಾಯಚೂರಿಗೆ ಕೂಗಿ ಹೇಳಿದ ಹಾಗೆಯೇ ಹೇಳುತ್ತಾಳೆ. "ಗೌತ್ಯಾ, ಐತ್ವಾರ ಬಾರೋ. ಮಳಿ ಬಿದ್ದದ, ಬಸವಂತಮ್ಮನೋರು ತೊಗರಿ ಬಿತ್ತಾಕ ಹೊಂಟಾರ. ಗದ್ದೆಮ್ಮತ್ತಿ ಮೊದಲ ಹಿಡಿ ಹಾಕಾಕ ಒಲ್ಲೆ ಅಂತ ಮನ್ಯಾಗ ಕುಂತುಬಿಟ್ಟಾಳ. ನನ್ನ ಕೈ ಸತ್ತದ ಅಂತಾಳ. ನೀರಮಾನ್ವಿ ಎಲ್ಲಮ್ಮಗ ಹೋಗಿ ತಪ್ಪು ಕಾಣಿಕಿ ಹಾಕ್ತಾಳಂತ. ನೀ ಓದಿದಾವ, ಬಂದು ನಾಲ್ಕು ಮಾತು ಹೇಳು. ನೀ ಹೇಳಿದ್ರ ಕೇಳ್ತಾಳ." ಗೌತಮ, "ಬರ್ತೀನಿ ಬೇ" ಎಂದಿದ್ದ. ಫೋನಿಟ್ಟ ಮೇಲೆ ಎಷ್ಟೋ ಹೊತ್ತು ಕಿವಿಯಲ್ಲಿ ಆ ಒಂದೇ ಮಾತು ಗುಂಯ್‌ಗುಟ್ಟಿತು. ನೀ ಹೇಳಿದರೆ ಕೇಳುತ್ತಾಳೆ. ಹೌದಲ್ಲ, ಕೇಳಿದಳಲ್ಲ. ನಾ ಬರೋತನಕ ಕೈ ಹಚ್ಚಬ್ಯಾಡ ಎಂದ ಒಂದು ಮಾತನ್ನು ಕೇಳಿಯೇ ಹೀಗಾಯಿತಲ್ಲ.

ಗದ್ದೆಮ್ಮ ಅವನಿಗೆ ರಕ್ತಸಂಬಂಧದ ಅತ್ತೆಯಲ್ಲ, ಓಣಿಯ ಅತ್ತೆ. ಗೋಡೆಗೆ ಗೋಡೆ ಹತ್ತಿದ ಮನೆ. ಅವ್ವ ಕೂಲಿಗೆ ಹೋದ ದಿನ ಅವನು ಉಣ್ಣುತ್ತಿದ್ದುದು ಅವಳ ಒಲೆಯ ಮುಂದೆ. ಇಡೀ ಗಬ್ಬೂರಿನಲ್ಲಿ ಅವಳ ಕೈಗುಣ ಹೆಸರುವಾಸಿ. ಮುಂಗಾರು ಬಿತ್ತಿಗೆಗೆ ಕೂರಿಗೆ ಹೂಡಿದರೆ ಮೊದಲ ಹಿಡಿ ಬೀಜ ಅವಳೇ ಹಾಕಬೇಕು; ಅವಳು ಹಾಕಿದರೆ ಸಾಲು ಹುಸಿಯುವುದಿಲ್ಲ ಎಂದು ಜನರ ನಂಬಿಕೆ. ಎತ್ತಿನ ಕೂರಿಗೆ ಹೋಗಿ ಟ್ರ್ಯಾಕ್ಟರಿನ ಕೂರಿಗೆ ಬಂದರೂ ಆ ಪದ್ಧತಿ ಹೋಗಲಿಲ್ಲ. ಇವಳ ಕೈಯ ನೀರು ನಡೆಯದ ಮನೆಗಳಿಗೂ ಇವಳ ಕೈಯ ಬೀಜ ನಡೆಯುತ್ತಿತ್ತು. ವರ್ಷಕ್ಕೆ ಆ ಎಂಟು ಹತ್ತು ದಿನ ಊರ ದೊಡ್ಡವರು ಓಣಿಯ ತುದಿಗೆ ಬಂದು, "ಗದ್ದೆಮ್ಮ ಅದಾಳೇನವಾ?" ಎಂದು ಕೇಳುತ್ತಿದ್ದರು; ಅವಳು ಮೀಸಲು ಸೀರೆ ಉಟ್ಟುಕೊಂಡು, ಕುಂಕುಮ ದೊಡ್ಡದಾಗಿ ಇಟ್ಟುಕೊಂಡು ಹೊರಬೀಳುತ್ತಿದ್ದಳು. ಉಳಿದ ಮುನ್ನೂರೈವತ್ತು ದಿನ ಅವಳು ಯಾರಿಗೂ ಬೇಕಾದವಳಲ್ಲ. ಗೌತಮ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೊರಟ ದಿನ ಅವನ ಅಂಗೈಗೆ ಸಕ್ಕರೆ ಹಾಕಿದವಳು ಅವಳೇ. ಬಿಎಸ್ಸಿ ಮುಗಿಸಿ ಬಂದಾಗ ಅವನು ದೊಡ್ಡ ಪಂಡಿತನ ಹಾಗೆ, "ಕೈಗುಣ ಅಂತ ಏನೂ ಇಲ್ಲತ್ತಿ. ಭೂಮ್ಯಾಗ ಹಸಿ, ಸರಿಯಾದ ಶಾಖ, ಗಟ್ಟಿ ಬೀಜ, ಅಷ್ಟ," ಎಂದಿದ್ದ. ಮನೆಯ ಗೋಡೆಯ ಮೇಲಿದ್ದ ಬಾಬಾಸಾಹೇಬರ ಫೋಟೊದ ಕಡೆ ಕೈ ಮಾಡಿ ಮೂಢನಂಬಿಕೆಯ ಮೇಲೆ ಭಾಷಣವನ್ನೂ ಬಿಗಿದಿದ್ದ. ಅವಳು ನಕ್ಕಿದ್ದಳು. "ಹೌದೇನು? ಆತು ಬಿಡಪ್ಪಾ. ನಿಮ್ಮ ಪುಸ್ತಕದಾಗ ಇಲ್ಲದ್ದು ನಮ್ಮ ಕೈಯಾಗ ಇರ್ಲಿ."

ಕಲ್ಮಲದ ಆಚೆ, ರಸ್ತೆಯಿಂದ ಒಳಗೆ, ತಂತಿಬೇಲಿಯ ನಡುವೆ ಇರುವ ಆ ಸಂಶೋಧನಾ ಕ್ಷೇತ್ರದಲ್ಲಿ ತಾನು ಮಾಡುವ ಕೆಲಸವನ್ನು ಊರಿನವರಿಗೆ ತಿಳಿಸಿ ಹೇಳಲು ಹೋಗಿ ಗೌತಮ ಎಷ್ಟೋ ಸಲ ನಗೆಪಾಟಲಾಗಿದ್ದ. ಜನ ಬೆಳೆಯನ್ನು ಬಿಸಿಲಿನಿಂದ ಕಾಪಾಡುತ್ತಾರೆ, ಇವರು ಬೇಕೆಂತಲೇ ಬಿಸಿಲಿಗೆ ಒಡ್ಡುತ್ತಾರೆ. ಫೆಬ್ರುವರಿ ಕೊನೆಗೆ ಮೆಕ್ಕೆಜೋಳ ಬಿತ್ತಿದರೆ ಏಪ್ರಿಲ್ ಕೊನೆಗೆ, ರಾಯಚೂರಿನ ಬಿಸಿಲು ನಲವತ್ತೆರಡು ಮುಟ್ಟುವ ಹೊತ್ತಿಗೆ, ಹೂವಾಗುತ್ತದೆ. ಯಾವ ತಳಿ ಆ ಬೆಂಕಿಯಲ್ಲೂ ಕಾಳು ಕಟ್ಟುತ್ತದೆ, ಯಾವುದು ಕೈ ಚೆಲ್ಲುತ್ತದೆ ಎಂದು ನೋಡುವುದು. ಬಿಸಿಲು ನೀರಿಗಷ್ಟೇ ಕುತ್ತು ಎಂದು ಜನ ತಿಳಿದಿರುತ್ತಾರೆ. ನೀರು ಎಷ್ಟು ಬಿಟ್ಟರೂ, ಶಾಖ ಮೂವತ್ತೆಂಟು ದಾಟಿತೋ, ಗಿಡದ ನೆತ್ತಿಯ ಮೇಲಿನ ಗಂಡುಹೂವಿನ ಹುಡಿ ಸಾಯತೊಡಗುತ್ತದೆ. ಕೆಳಗೆ ತೆನೆಯ ಬಾಯಲ್ಲಿರುವ ರೇಷ್ಮೆಯಂಥ ಎಳೆಗಳು ಒಣಗುತ್ತವೆ. ಹುಡಿ ಬಂದಾಗ ಎಳೆ ಇಲ್ಲ, ಎಳೆ ಬಂದಾಗ ಹುಡಿ ಇಲ್ಲ. ಹೇಗೋ ಕೂಡಿಕೊಂಡು ನಿಂತ ಕಾಳೂ ಬೇಗ ಮಾಗಿ, ಹಿಟ್ಟು ತುಂಬುವ ಮೊದಲೇ ಮುಗಿದುಹೋಗುತ್ತದೆ. ಸಣ್ಣ ಕಾಳು, ತೂಕವಿಲ್ಲದ ಕಾಳು, ಹೊಳಪಿಲ್ಲದ ಕಾಳು. ನೂರು ಕಾಳು ಎಣಿಸಿ ತಕ್ಕಡಿಗೆ ಹಾಕಿದಾಗ ಮುಳ್ಳು ಅಲುಗಲು ಕೂಡ ನಾಚಿಕೊಳ್ಳುತ್ತದೆ. ಇದನ್ನೆಲ್ಲ ಅವನು ಚೆನ್ನಾಗಿ ಬಲ್ಲ. ಗೊತ್ತಿಲ್ಲದವನು ತಪ್ಪಿದರೆ ಅದೊಂದು ತೆರ. ಎಷ್ಟು ಗಂಟೆಗೆ ಹುಡಿ ಸಾಯುತ್ತದೆ ಎಂದು ಬಾಯಿಪಾಠ ಇದ್ದವನು ಕೂತು ಚಹಾ ಕುಡಿದರೆ ಅದಕ್ಕೆ ಏನನ್ನಬೇಕು?

ಪರಾಗ ಹಾಕುವ ಕೆಲಸಕ್ಕೆ ಗದ್ದೆಮ್ಮನನ್ನು ಕರೆದುಕೊಂಡು ಹೋದವನೂ ಅವನೇ. ಹತ್ತಿ ಕ್ರಾಸಿಂಗಿನಲ್ಲಿ, ಹೂವಿಗೆ ಹೂವು ಕೂಡಿಸುವ ಕೆಲಸದಲ್ಲಿ, ಪಳಗಿದ ಬೆರಳು ಅವಳದು. ಸಂಜೆ ಗಂಡುಹೂವಿಗೆ ಕಾಗದದ ಚೀಲ ಹಾಕಬೇಕು, ಬೆಳಿಗ್ಗೆ ಎಂಟೂವರೆಯೊಳಗೆ ಚೀಲ ಬಗ್ಗಿಸಿ ಝಾಡಿಸಿ, ಅದರಲ್ಲಿ ಬಿದ್ದ ಹಳದಿ ಹುಡಿಯನ್ನು ತೆನೆಯ ಎಳೆಗಳ ಮೇಲೆ ಉದುರಿಸಿ, ಮತ್ತೆ ಮುಚ್ಚಿ, ಚೀಲದ ಮೇಲೆ ತಾರೀಖು ಮತ್ತು ಹಾಕಿದವರ ಗುರುತು ಬರೆಯಬೇಕು. ಗುರುತಿಗೆ 'ಗ' ಎಂದು ಬರೆಯಲು ಅವನೇ ಅವಳಿಗೆ ಕಲಿಸಿದ್ದ. ಎರಡು ದಿನಕ್ಕೆ ಕಲಿತಳು, ತಲೆಕಟ್ಟು ಸ್ವಲ್ಪ ಉದ್ದ ಎಳೆಯುತ್ತಿದ್ದಳು. ಹಿಂಗೇ ಇದ್ದರೆ ಚೆನ್ನಾಗಿತ್ತು. ಏಪ್ರಿಲ್ ಇಪ್ಪತ್ತೈದನೇ ತಾರೀಖು ಮೇಲಿನ ಅಧಿಕಾರಿ ಬಸವಪ್ರಸಾದ ಹೈದರಾಬಾದಿನಿಂದ ಬಂದ ಇಬ್ಬರನ್ನು ಕರೆದುಕೊಂಡು ಹೊಲ ತೋರಿಸುತ್ತಿದ್ದ. ಗೌತಮ ಟೋಪಿ ಹಾಕಿಕೊಂಡು, ಕೈಯಲ್ಲಿ ಫೀಲ್ಡ್ ಬುಕ್ ಹಿಡಿದುಕೊಂಡು, ಇಂಗ್ಲಿಷಿನಲ್ಲಿ ವಿವರಣೆ ಕೊಡುತ್ತಿದ್ದ. ಆಗ ಸಾಲಿನೊಳಗಿಂದ ಸೆರಗು ಸಿಕ್ಕಿಸಿಕೊಂಡು ಹೊರಬಂದ ಗದ್ದೆಮ್ಮ, ಎಲ್ಲರ ನಡುವೆ, ಬಾಯಿ ತುಂಬ, "ಗೌತ್ಯಾ, ಉಂಡೇನೋ? ಮಾರಿ ಯಾಕ ಬಾಡ್ಯಾದ?" ಎಂದು ಕೇಳಿಬಿಟ್ಟಳು. ಬಂದವರು ನಕ್ಕರು. ಕೆಟ್ಟ ನಗೆಯಲ್ಲ, ಸುಮ್ಮನೆ ನಕ್ಕರು. ಅವರು ಹೋದ ಮೇಲೆ ಬಸವಪ್ರಸಾದ ಹೆಗಲ ಮೇಲೆ ಕೈಯಿಟ್ಟು ಹೇಳಿದ: "ನಿಮ್ಮ ಓಣಿಯೋರು ಅಂತ ಭಾಳ ಸಡ್ಲ ಬಿಟ್ಟೀರಿ ಗೌತಮ. ಸಲಿಗಿ ಕೊಟ್ರ ನಾಯಿನೂ ತಲಿ ಮ್ಯಾಲ ಏರ್ತದ. ನಾಳೆ ಅವರು ನಿಮ್ಮ ಮಾತು ಕೇಳಾಂಗಿಲ್ಲ." ನಿಮ್ಮ ಓಣಿಯವರು. ಆ ಕೈ ಹೆಗಲ ಮೇಲೆ ಹಗುರವಾಗಿಯೇ ಇತ್ತು. ಸಂಜೆ ಗೌತಮ ಗದ್ದೆಮ್ಮನನ್ನು ಶೆಡ್ಡಿನ ಹಿಂದೆ ಕರೆದು, ಅವಳ ಮುಖ ನೋಡದೆ, "ಇಲ್ಲಿ ನನ್ನ ಹೆಸರು ಹಿಡಿದು ಕರೀಬ್ಯಾಡ. ಎಲ್ಲಾರ ಹಂಗ ಸರ ಅನ್ನು," ಎಂದ. ಅವಳು, "ಆತ್ರಿ, ಸರ," ಎಂದಳು. ಆಟಕ್ಕೆ ಅಂದಳೋ, ನೊಂದು ಅಂದಳೋ ತಿಳಿಯಲಿಲ್ಲ. ಅವಳ ಬಾಯಿಂದ ಆ ಮಾತು ಬಂದಾಗ ಮೈಯೆಲ್ಲ ಮುಳ್ಳಾಯಿತು. ಸುಳ್ಳೇಕೆ, ಸ್ವಲ್ಪ ಹಿತವೂ ಆಯಿತು.

ಮರುದಿನ ಗದ್ದೆಮ್ಮನ ಪಾಲಿನ ನಲವತ್ತು ಗಿಡ ಒಟ್ಟಿಗೇ ಎಳೆ ಬಿಟ್ಟಿದ್ದವು. ಎಂಟಕ್ಕೆ ಅವಳ ಫೋನು ಬಂದಾಗ ಗೌತಮ ಕಲ್ಮಲದ ಅಂಗಡಿಯಲ್ಲಿ ಆ ತಂತಿ ಸುತ್ತಿದ ಕುರ್ಚಿಯ ಮೇಲೆ ಕೂತಿದ್ದ. ಬೈಕಿನಲ್ಲಿ ಐದು ನಿಮಿಷದ ದಾರಿ. "ಸರ, ಹೊತ್ತು ಏರಾಕತ್ತದ್ರಿ. ಹುಡಿ ಸಾಯ್ತದ. ಶುರು ಮಾಡ್ಲೇನು?" "ನಾ ಬರೋತನಕ ಕೈ ಹಚ್ಚಬ್ಯಾಡ," ಎಂದ. ಹಾಗಂದದ್ದೇ ಒಂದು ಗತ್ತು ಬಂತು. ಕಾಯಲಿ, ಸ್ವಲ್ಪ ಕಾಯಲಿ. ಅಧಿಕಾರಿ ಬರುವವರೆಗೆ ಕೆಲಸ ನಿಲ್ಲುವುದು ಅಂದರೇನು ಎಂದು ಗೊತ್ತಾಗಲಿ. ಇನ್ನೊಂದು ಚಹಾ ಹೇಳಿದ. ಒಂಬತ್ತೂಕಾಲಿಗೆ ಮತ್ತೆ ಫೋನು ಬಂತು, ಎತ್ತಲಿಲ್ಲ. ಹತ್ತಕ್ಕೆ ಮತ್ತೆ ಬಂತು. ಟೇಬಲ್ಲಿನ ಮೇಲೆ ಫೋನು ಗಿರಗಿರ ನಡುಗುತ್ತ ತಿರುಗುವುದನ್ನು ನೋಡುತ್ತ ಕೂತ. ಪೇಪರು ಓದಿದ, ಓದಿದ್ದನ್ನೇ ಮತ್ತೆ ಓದಿದ. ಹೊಲಕ್ಕೆ ಹೋದಾಗ ಹನ್ನೊಂದೂಕಾಲು. ನಲವತ್ತು ಡಿಗ್ರಿ; ಕಾಗದದ ಚೀಲದೊಳಗೆ ಇನ್ನೆಷ್ಟೋ. ಗದ್ದೆಮ್ಮ ಬದುವಿನ ಮೇಲೆ ಸೆರಗು ತಲೆ ಮೇಲೆ ಹೊದ್ದು ಕೂತಿದ್ದಳು, ಎದ್ದು ನಿಂತಳು. ಚೀಲ ಬಗ್ಗಿಸಿ ಅಂಗೈಗೆ ಝಾಡಿಸಿಕೊಂಡು ನೋಡಿ, "ಹುಡಿ ಸತ್ತದ್ರಿ ಸರ. ಗಂಟು ಗಂಟಾಗ್ಯಾದ," ಎಂದಳು. ನಾಳೆಗೆ ಬೇರೆ ಹೂವಿನ ಹುಡಿ ತಂದು ಹಾಕಬಹುದಿತ್ತು. ಅದಕ್ಕೆ ಬಸವಪ್ರಸಾದನಿಗೆ ಕಾರಣ ಹೇಳಬೇಕಾಗುತ್ತಿತ್ತು. "ಇದ್ದದ್ದ ಹಾಕು," ಎಂದ ಗೌತಮ. ಅವಳು ನಲವತ್ತು ತೆನೆಗೂ ಆ ಸತ್ತ ಹುಡಿಯನ್ನು, ಬೆವರು ಒರೆಸಿಕೊಳ್ಳುತ್ತ, ಒಂದನ್ನೂ ಬಿಡದೆ, ಅಷ್ಟೇ ಶ್ರದ್ಧೆಯಿಂದ ಹಾಕಿದಳು. ಅವನು ನೆರಳಿಗೆ ನಿಂತು ಫೀಲ್ಡ್ ಬುಕ್ಕಿನ ವೇಳೆಯ ಕಾಲಮ್ಮಿನಲ್ಲಿ ಬರೆದ: ಎಂಟು ಗಂಟೆ ಇಪ್ಪತ್ತು ನಿಮಿಷ.

ಬಸ್ಸು ಗಬ್ಬೂರಿಗೆ ಬಂದು ಮುಟ್ಟಿತು. ಬಿದ್ದ ಮಳೆಗೆ ಎರೆಯ ಮಣ್ಣು ಚಪ್ಪಲಿಗೆ ಅಂಟಿ ಕಾಲು ಭಾರವಾಯಿತು. ಹಾದಿಯಲ್ಲಿ ಸಿಕ್ಕವರು, "ಸಾಹೇಬ್ರು ಬಂದ್ರು," ಎಂದರು. ಯಾರು ಚುಚ್ಚಿ ಅಂದರು, ಯಾರು ಪ್ರೀತಿಯಿಂದ ಅಂದರು ಎಂದು ತೂಗುವ ಶಕ್ತಿ ಅವನಿಗಿರಲಿಲ್ಲ. ಕಣ್ಣ ಮುಂದೆ ಮೇ ಕೊನೆಯ ವಾರದ ಶೆಡ್ಡೇ ಇತ್ತು. ಆವತ್ತು ಬಸವಪ್ರಸಾದ ತೆನೆಗಳನ್ನು ನೆಲಕ್ಕೆ ಸಾಲಾಗಿ ಇಡಿಸಿದ್ದ. ಪಕ್ಕದ ಸಾಲಿನ ಕೂಲಿಯವಳು ಹನುಮಂತಮ್ಮ ಹಾಕಿದವು ಅರ್ಧಮರ್ಧ ತುಂಬಿದ್ದವು, ಕಾಳು ಸಣ್ಣ, ಆದರೂ ಕಾಳು ಅಂತ ಇದ್ದವು. 'ಗ' ಎಂದು ಬರೆದ ನಲವತ್ತು ಬರೀ ದಿಂಡು. ಬಸವಪ್ರಸಾದ ಬುಕ್ಕು ತೆಗೆದು ಓದಿದ. "ಇಪ್ಪತ್ತಾರನೇ ತಾರೀಖು. ಎಂಟು ಇಪ್ಪತ್ತು. ವೇಳೆ ಬರೋಬ್ಬರಿ ಅದ. ಮತ್ತ ಕಾಳು ಎಲ್ಲಿ ಹೋದ್ವು?" ಹನುಮಂತಮ್ಮ ಬಾಯಿಗೆ ಸೆರಗು ಹಚ್ಚಿಕೊಂಡು, "ಅಕಿ ಕೈಗುಣ ಹೋತು ನೋಡ್ರಿ," ಎಂದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಗೌತಮನ ಕೈ ಜೇಬಿನ ಪೆನ್ನಿಗೆ ಹೋಯಿತು. ಯಾರೂ ನೋಡಲಿಲ್ಲ. ಕೈಗುಣ ಇಲ್ಲವೇ ಇಲ್ಲ ಎಂದು ಓಣಿಗೆಲ್ಲ ಪಾಠ ಹೇಳಿದವನು ಆ ಕ್ಷಣ ಆ ನಂಬಿಕೆಯ ಹಿಂದೆ ಹೋಗಿ ಅಡಗಿ ನಿಂತ. "ಕೈಗುಣನೋ ಏನೋ, ನಾಳಿಂದ ಈಕಿ ಬ್ಯಾಡ," ಎಂದ ಬಸವಪ್ರಸಾದ, "ಷರಾ ಬರೀರಿ ಗೌತಮ: ಕೂಲಿಯವಳ ಅಜಾಗರೂಕತೆ." ಗೌತಮ ಬರೆದ. ಅಕ್ಷರ ದುಂಡಗೆ ಬಂದವು. ಗದ್ದೆಮ್ಮ ತನ್ನ ಎರಡೂ ಅಂಗೈಗಳನ್ನು ಮೇಲೆ ಮಾಡಿ ನೋಡಿಕೊಳ್ಳುತ್ತ ನಿಂತಿದ್ದಳು.

ಮನೆಯಲ್ಲಿ ಮಾನಮ್ಮ ರೊಟ್ಟಿ ಬಡಿಯುತ್ತಿದ್ದಳು. "ಕೈಕಾಲು ತೊಳಕೊಂಡು ಮೊದ್ಲ ಅಲ್ಲಿ ಹೋಗು. ಬಂದು ಉಣ್ಣುವಿಯಂತ," ಎಂದು ತಾನೂ ಹಿಟ್ಟಿನ ಕೈ ಒರೆಸಿಕೊಂಡು ಬೆನ್ನಿಗೆ ಬಂದಳು. ಗದ್ದೆಮ್ಮ ಹಳೆಯ ಸೀರೆಯಲ್ಲೇ ಬಾಗಿಲ ಒಳಗೆ ಗೋಡೆಗೆ ಒರಗಿ ಕೂತಿದ್ದಳು. ಅವನನ್ನು ಕಂಡು ಮುಖ ಅರಳಿಸಿ ಏಳಲು ಹೋದಳು. "ಗೌತ್ಯಾ, ಬಾರೋ ಯಪ್ಪಾ. ಉಂಡೇನು?" ಅದೇ ಮಾತು. ಗೌತಮ ಎಲ್ಲಿ ಕೂಡಬೇಕೋ ತಿಳಿಯದೆ ಹೊಸ್ತಿಲ ಮೇಲೇ ಕೂತ. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದದ್ದನ್ನು ಒಪ್ಪಿಸಿದ. "ಅತ್ತಿ, ಕೈಗುಣ ಗೀಗುಣ ಏನಿಲ್ಲ. ಬಿಸಿಲಿಗೆ ಹುಡಿ ಸತ್ತಿತ್ತು, ಅಷ್ಟ. ಎಲ್ಲೀನೂ ಹಂಗ ಆಗ್ತದ. ನಿನ್ನ ತಪ್ಪಲ್ಲ ಅದು." ಮಾತು ಸುಳ್ಳಲ್ಲ. ಇಷ್ಟಕ್ಕೇ ಮುಗಿದರೆ ಸಾಕು ಎಂದು ಒಳಗೊಳಗೆ ಬೇಡಿಕೊಂಡ.

"ಬಿಸಿಲು ಎಲ್ಲಾರಿಗೂ ಒಂದ ಅಲ್ಲೇನೋ?" ಎಂದಳು ಗದ್ದೆಮ್ಮ. ಜಗಳದ ದನಿಯಲ್ಲ, ಎಷ್ಟೋ ದಿನದಿಂದ ಒಳಗೇ ತಿರುವಿ ಹಾಕಿದ ಲೆಕ್ಕ. "ಹನುಮಂತಮ್ಮನ ತೆನ್ಯಾಗ ಕಾಳು ಹ್ಯಾಂಗ ನಿಂತ್ವು? ಅಕಿಗೇನು ಛತ್ರಿ ಹಿಡಿದಿದ್ರೇನು? ಇಲ್ಲೋ ಯಪ್ಪಾ. ನಾ ಅಂಗೈಗೆ ಹಾಕ್ಕೊಂಡ ಕೂಡ್ಲೆ ಹುಡಿ ಸತ್ತಿತ್ತು, ನಾನ ಕಂಡೀನಿ. ಹ್ವಾದ ವರ್ಷ ಎಲ್ಲಮ್ಮಗ ಹೋಗಾಕ ಆಗ್ಲಿಲ್ಲ, ಅಕಿ ಕೈ ಕಸಗೊಂಡ್ಳು. ಇಂಥಾ ಕೈಲೆ ಬಸವಂತಮ್ಮನೋರ ಹೊಲಕ್ಕ ಬೀಜ ಹಾಕಿ, ಅದೂ ಹುಸಿದ್ರ? ಊರಾಗ ಹ್ಯಾಂಗ ಮಾರಿ ತೋರಿಸ್ಲಿ?"

ಚೀಲದೊಳಗಿನ ತೆನೆ ಪಕ್ಕೆಗೆ ಒತ್ತುತ್ತಿತ್ತು. ಗೌತಮ ಅದನ್ನು ತೆಗೆದು ನೆಲದ ಮೇಲಿಟ್ಟ. ತೆನೆಗೆ ಅಂಟಿಕೊಂಡಿದ್ದ ಕಾಗದದ ಚೀಲದ ತುಂಡಿನ ಮೇಲೆ ತಲೆಕಟ್ಟು ಉದ್ದ ಎಳೆದ 'ಗ' ಇನ್ನೂ ಕಾಣುತ್ತಿತ್ತು. "ಅತ್ತಿ," ಎಂದ. "ಆವತ್ತು ನಾ ತಡ ಮಾಡಿ ಬಂದೆ. ನೀ ಹಾಕಿದ್ದು ಎಂಟಕ್ಕಲ್ಲ, ಹನ್ನೊಂದೂಕಾಲಿಗೆ. ಬುಕ್ಕಿನ್ಯಾಗ ನಾನ ಸುಳ್ಳು ಬರದೆ. ನಿನ್ನ ಕೈ ಛಲೋನ ಅದ. ತಪ್ಪು ನಂದು." ಚಹಾದಂಗಡಿಯನ್ನು ಹೇಳಲಿಲ್ಲ. ಫೋನು ಗಿರಗಿರ ತಿರುಗಿದ್ದನ್ನು ಹೇಳಲಿಲ್ಲ. ಬಾಯಿ ಅಲ್ಲಿಯವರೆಗೆ ಬಂದು ನಿಂತಿತು. ಇನ್ನು ಬೈಗುಳ ಬೀಳಲಿ, ಬಿದ್ದರೆ ಹಗುರಾಗುತ್ತೇನೆ ಎಂದು ತಲೆ ತಗ್ಗಿಸಿ ಕಾದ.

ಗದ್ದೆಮ್ಮ ಅವನನ್ನೇ ನೋಡಿದಳು. ಕಣ್ಣಲ್ಲಿ ನೀರಾಡಿತು. ಮುಂದೆ ಬಗ್ಗಿ ಅವನ ಗದ್ದ ಹಿಡಿದು, ಆ ಬೆರಳನ್ನು ತನ್ನ ಬಾಯಿಗೆ ಒತ್ತಿಕೊಂಡಳು. "ನೋಡ್ದೇನೇ ಮಾನಮ್ಮ? ಎಂಥಾ ಮಗನ್ನ ಹಡದೀಯವ್ವಾ. ನನ್ನ ಮರ್ಯಾದಿ ಉಳಿಸಾಕ ತಪ್ಪು ತನ್ನ ಮೈಮ್ಯಾಲ ಎಳಕೊಳ್ಳಾಕತ್ತಾನ." ಗೌತಮ ದಂಗಾದ. "ಇಲ್ಲತ್ತಿ, ಖರೇನ—" "ಸುಮ್ನಿರೋ. ಎಂಟು ಇಪ್ಪತ್ತು ಅಂತ ಸಾಹೇಬ್ರ ಓದಿ ಹೇಳಿದ್ರಲ್ಲ, ಎಲ್ಲಾರ ಮುಂದ. ನೀ ಬರದದ್ದು. ನೀ ಎಂದಾರ ತಪ್ಪು ಬರದೀಯೇನು? ಬಿಸಿಲಾಗ ಬಗ್ಗಿ ದುಡ್ಯಾಕಿಗೆ ಎಂಟೂ ಒಂದ, ಹನ್ನೊಂದೂ ಒಂದ. ದಿನಾ ನಿನಗ ಫೋನ್ ಮಾಡ್ತಿದ್ದೆ, ಯಾವತ್ತು ಎಷ್ಟೊತ್ತಿಗೆ ಅಂತ ನನಗೇನ ನೆನಪದ?" ಅವನ ಕೈಬರಹ ಅವನಿಗೇ ಎದುರು ನಿಂತಿತು. ಅವಳು ತನ್ನ ಕಣ್ಣನ್ನು ಬಿಟ್ಟು ಅವನ ಅಕ್ಷರವನ್ನು ನಂಬಿದ್ದಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದ, ಹೊಗಳುತ್ತಿದ್ದಾಳೆ. ಥೂ, ಇದೆಂಥ ಬಾಳು! ಹೊಸ್ತಿಲಾಚೆ ನಿಂತ ಅವ್ವನ ಕಡೆ ತಿರುಗಿದ. ಮಾನಮ್ಮನ ಮುಖದಲ್ಲಿ ಹೆಮ್ಮೆಯಿರಲಿಲ್ಲ. ಅವಳು ಮಗನ ಮಾತನ್ನು ನಂಬಿದ್ದಳು. ಹೆತ್ತವಳಲ್ಲವೆ, ಅವನ ಕೊರಳು ಯಾವಾಗ ಖರೇ ನುಡಿಯುತ್ತದೆಂದು ಅವಳಿಗೆ ಗೊತ್ತು. ಅವನನ್ನು ಒಂದು ಸಲ ನೋಡಿ, ಕೈಗೆ ಹತ್ತಿದ ಒಣ ಹಿಟ್ಟನ್ನು ಉಗುರಿನಿಂದ ಕೆರೆದುಕೊಳ್ಳುತ್ತ, "ಹೊಲಕ್ಕ ನಡೀರಿ. ಕಾಯಾಕತ್ತಾರ," ಎಂದಳು. ಉಣ್ಣಲು ಕರೆಯಲಿಲ್ಲ.

ಹೊಲದಲ್ಲಿ ತಾಯಣ್ಣ ಟ್ರ್ಯಾಕ್ಟರ್ ಚಾಲೂ ಇಟ್ಟುಕೊಂಡೇ ಕೂತಿದ್ದ. ಬಸವಂತಮ್ಮ, ಎಪ್ಪತ್ತು ದಾಟಿದ ಹೊಲದೊಡತಿ, ಮೊರದಲ್ಲಿ ತೊಗರಿ ಬೀಜ, ಅರಿಷಿಣ ಕುಂಕುಮ, ಒಡೆದ ಕಾಯಿ ಇಟ್ಟುಕೊಂಡು ಬದುವಿನ ಮೇಲೆ ನಿಂತಿದ್ದಳು. "ಬಂದೇನು ಗದ್ದೆಮ್ಮ? ಭಾಳ ಬಿಂಕ ಮಾಡಿದಿ ನೋಡು." ಗದ್ದೆಮ್ಮ ದೂರದಿಂದಲೇ ಕೈಮುಗಿದಳು. "ನನ್ನ ಕೈ ಬ್ಯಾಡ್ರಿ ಯವ್ವಾ. ಈ ಸರ್ತಿ ನಮ್ಮ ಗೌತ್ಯಾನ ಕೈಲೆ ಹಾಕ್ಸೂಣು. ಓದಿದ ಕೈ, ಖರೇ ಕೈ. ನನ್ನ ಸಲುವಾಗಿ ತಪ್ಪು ತಾನ ಹೊತ್ಕೊಳ್ಳಾಕ ನಿಂತಿದ್ದ ನೋಡ್ರಿ." ಗೌತಮ, "ಹೊತ್ಕೊಳ್ಳೂದೇನಿಲ್ಲ, ಅದು ನನ್ನ ತಪ್ಪ," ಎಂದ. ಟ್ರ್ಯಾಕ್ಟರಿನ ಸದ್ದಿನಲ್ಲಿ ದನಿ ಏರಿಸಿ ಇನ್ನೊಮ್ಮೆ ಹೇಳಿದ. ಬಸವಂತಮ್ಮ ನಕ್ಕಳು. "ಇರ್ಲಿ ಬಿಡಪ್ಪಾ. ನಿಮ್ಮೋರನ್ನ ನೀವು ಬಿಟ್ಟುಕೊಡಬಾರ್ದು. ಛಲೋ ಗುಣ." ಮತ್ತೆ ನಿಮ್ಮೋರು. ಅವನ ಖರೇ ಮಾತಿಗೆ ಈ ಊರಿನಲ್ಲಿ ಎಲ್ಲರ ಬಳಿಯೂ ಒಂದೊಂದು ಒಳ್ಳೆಯ ಹೆಸರು ಸಿದ್ಧವಾಗಿತ್ತು. ಮೂರು ಹೆಜ್ಜೆ ಹಿಂದೆ ಮಾನಮ್ಮ ಕೈಯ ಹಿಟ್ಟು ಕೆರೆದುಕೊಳ್ಳುತ್ತಲೇ ನಿಂತಿದ್ದಳು.

ಗದ್ದೆಮ್ಮ ಮೊರದಿಂದ ಒಂದು ಹಿಡಿ ಬೀಜ ತೆಗೆದು ಅವನ ಅಂಗೈಗೆ ಸುರಿದು, ಬೆರಳುಗಳನ್ನು ತಾನೇ ಮಡಿಸಿದಳು. ಸಕ್ಕರೆ ಹಾಕಿದ ದಿನವೂ ಹೀಗೇ ಮಡಿಸಿದ್ದಳು. ಬೀಜ ಬೆವರಿಗೆ ಅಂಟಿಕೊಂಡವು. ಕೂರಿಗೆಯ ಡಬ್ಬಿ ಬಾಯಿ ತೆರೆದುಕೊಂಡು ಒಂದು ಮೊಳದ ದೂರದಲ್ಲಿತ್ತು. ಮುಷ್ಟಿ ಬಿಚ್ಚಿದರೆ ಮುಗಿಯಿತು, ಇವತ್ತಿನಿಂದ ಒಳ್ಳೆಯ ಕೈ ಇವನದು, ಸತ್ತ ಕೈ ಅವಳದು. ಬರುವ ವರ್ಷ ಯಾರೂ ಓಣಿಯ ತುದಿಗೆ ಬಂದು ಗದ್ದೆಮ್ಮ ಅದಾಳೇನವಾ ಎಂದು ಕೇಳುವುದಿಲ್ಲ. ಅವನಿಗೆ ಬೆರಳು ಬಿಚ್ಚಲಾಗಲಿಲ್ಲ. ಬಿಸಿಲು ಮೋಡದಿಂದ ಹೊರಬಂದು ಕುತ್ತಿಗೆಗೆ ಬಡಿಯಿತು. ತಾ‌ಯಣ್ಣ ಹಿಂದೆ ತಿರುಗಿ ನೋಡಿದ.

"ಹಾಕೋ ಯಪ್ಪಾ," ಎಂದಳು ಗದ್ದೆಮ್ಮ, ಅವನ ಮಣಿಕಟ್ಟು ಹಿಡಿದು. "ಯಾಕ ನಿಂತಿ? ಹೊತ್ತು ಏರಾಕತ್ತದ—"

ಮಾತು ಅಲ್ಲಿಗೇ ನಿಂತಿತು. ಅವಳು ತಲೆಯೆತ್ತಿ ಸೂರ್ಯನನ್ನು ನೋಡಿದಳು, ಆಮೇಲೆ ಅವನ ಮುಖ ನೋಡಿದಳು. ಅವನ ಮುಖದಲ್ಲಿ ಏನಿತ್ತೋ, ಅದನ್ನು ಓದಲು ಅಕ್ಷರ ಬೇಕಾಗಿರಲಿಲ್ಲ. ಮಣಿಕಟ್ಟಿನ ಮೇಲಿನ ಹಿಡಿತ ಸಡಿಲಾಯಿತು.

"ನನಗ ಸರ ಅನ್ನು ಅಂದಿದ್ದಿಯಲ್ಲ, ಅದರ ಮರುದಿನ," ಎಂದಳು, ಅವನಿಗೊಬ್ಬನಿಗೇ ಕೇಳುವಷ್ಟು ಮೆಲ್ಲಗೆ. "ಮೂರು ಸರ್ತಿ ಫೋನ್ ಹಚ್ಚಿದ್ದೆ."

"ಹೂಂ."

"ಎಲ್ಲಿದ್ದಿ?"

"ಕಲ್ಮಲದಾಗ. ಚಹಾದ ಅಂಗಡ್ಯಾಗ."

"ಕೆಲಸಿತ್ತೇನು?"

"ಇಲ್ಲತ್ತಿ. ಸುಮ್ನ ಕುಂತಿದ್ದೆ. ನೀ ಕಾಯ್ಲಿ ಅಂತ."

ಗದ್ದೆಮ್ಮ ಸಣ್ಣ ಹುಡುಗನ ಕೈಯಿಂದ ಕಲ್ಲು ಬಿಡಿಸುವ ಹಾಗೆ ಅವನ ಬೆರಳುಗಳನ್ನು ಒಂದೊಂದಾಗಿ ಬಿಚ್ಚಿ, ಬೀಜವನ್ನೆಲ್ಲ ತನ್ನ ಅಂಗೈಗೆ ಸುರಿದುಕೊಂಡಳು. ಒಂದು ಕಾಳು ಬೆವರಿಗೆ ಅಂಟಿ ಅವನ ಅಂಗೈಯಲ್ಲೇ ಉಳಿದಿತ್ತು. ಅದನ್ನೂ ಎರಡು ಬೆರಳಿನಿಂದ ಹೆಕ್ಕಿಕೊಂಡಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಬಸವಂತಮ್ಮನ ಮೊರದಿಂದ ಚಿಟಿಕೆ ಕುಂಕುಮ ತೆಗೆದು ತಾನೇ ಹಣೆಗೆ ದೊಡ್ಡದಾಗಿ ಇಟ್ಟುಕೊಂಡಳು. ಆಮೇಲೆ ಅವನ ಕಡೆ ನೋಡದೆ ಹೇಳಿದಳು:

"ಅಡ್ಡ ನಿಂತೀರಿ. ಆ ಕಡಿ ಹೋಗ್ರಿ, ಸರ."

ಮೊದಲ ಹಿಡಿ ಡಬ್ಬಿಗೆ ಬಿತ್ತು. ತಾಯಣ್ಣ ಗೇರು ಹಾಕಿದ, ಕೂರಿಗೆ ನೆಲಕ್ಕಿಳಿಯಿತು. ಗೌತಮ ಖಾಲಿ ಕೈ ಹಿಡಿದುಕೊಂಡು ಬದುವಿನ ಆಚೆ ಹೋಗಿ ನಿಂತ.